ಗುಡುಗಿನ ಕೊಳವೆ, ಅಣ್ಣನ ಟರ್ಬೊ

ಆ ಬೀದಿಯಲ್ಲಿ ಅವನಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅವನನ್ನು ಟರ್ಬೊ ಅಣ್ಣ ಎಂದೇ ಕರೆಯುತ್ತಿದ್ದರು. ಇಟ್ಟ ಹೆಸರಿನಿಂದ ಕೂಗುತ್ತಿದ್ದವಳು ತಾಯಿ ಒಬ್ಬಳೇ. ಅವಳು ಹೋದಮೇಲೆ ಆ ಹೆಸರಿಗೆ ಕೆಲಸವೇ ಇಲ್ಲದಂತಾಯಿತು.

ಟೈರ್ ಅಂಗಡಿಗೂ ಹೊಲಿಗೆ ಅಂಗಡಿಗೂ ನಡುವೆ ಇದ್ದ ಉದ್ದನೆಯ ಕೋಣೆ ಅವನ ವರ್ಕ್‌ಶಾಪು. ಕಾಲಿಟ್ಟ ಕೂಡಲೇ ಡೀಸೆಲ್ ವಾಸನೆ, ನಾಲ್ಕು ಹೆಜ್ಜೆ ಒಳಗೆ ಹೋದರೆ ಸುಟ್ಟ ಎಣ್ಣೆಯದು. ಬಸ್ಸು, ಲಾರಿಗಳ ಟರ್ಬೊಗಳು ಅಲ್ಲಿಗೆ ಗೋಣಿಚೀಲದಲ್ಲಿ ಬರುತ್ತಿದ್ದವು. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಎರಡು ಎರಕದ ಗೂಡು, ನಡುವೆ ಒಂದು ದಂಡ, ದಂಡದ ಎರಡೂ ತುದಿಗೆ ಒಂದೊಂದು ಚಕ್ರ. ಎಂಜಿನ್ ಹೊರಗೆ ಬಿಟ್ಟ ಹೊಗೆ ಒಂದು ಚಕ್ರವನ್ನು ತಿರುಗಿಸಿದರೆ, ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಕೇಳಿದವರಿಗೆಲ್ಲ ಅವನು ಇದನ್ನು ಬೇಸರವಿಲ್ಲದೆ ವಿವರಿಸುತ್ತಿದ್ದ. ಬಿಟ್ಟ ಉಸಿರಿನಿಂದಲೇ ಮತ್ತೆ ಉಸಿರು ತುಂಬುವ ಯಂತ್ರ ಇದು, ಇದರಲ್ಲಿ ಪೋಲು ಎನ್ನುವುದಿಲ್ಲ ಎಂದು ಹೇಳುವಾಗ ಅವನ ಮುಖದಲ್ಲಿ ಸ್ವಂತ ಮಗನ ಅಂಕಪಟ್ಟಿ ತೋರಿಸುವವರ ಕಳೆ ಬರುತ್ತಿತ್ತು. ಮಗ ಎಲ್ಲಿಂದ ಬರಬೇಕು, ಮದುವೆಯೇ ಆಗಿರಲಿಲ್ಲ. ಯಾಕೆ ಎಂದರೆ, ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದ.

ತಂಗಿ ಅವನ ಜೊತೆ ಇರಲು ಬಂದದ್ದು ಅವಳ ಗಂಡ ಬೇರೆ ಸಂಸಾರ ಹೂಡಿದ ಮೇಲೆ. ಕೋರ್ಟಿನಲ್ಲಿ ಬಿಡುಗಡೆ ಪಡೆದು, ಒಂದು ಟ್ರಂಕು ಹಿಡಿದು ಬಂದವಳು ಮೊದಲ ವಾರ ಯಾರ ಜೊತೆಗೂ ಮಾತಾಡಲಿಲ್ಲ. ಎರಡನೇ ವಾರ ಮನೆಯಲ್ಲಿ ಕೂತು ಕೂತು ಸಾಕಾಯಿತೆಂದು ವರ್ಕ್‌ಶಾಪಿಗೆ ಬಂದು, ಬಿಚ್ಚಿದ ಸಾಮಾನನ್ನು ಡೀಸೆಲ್ಲಿನಲ್ಲಿ ತೊಳೆಯತೊಡಗಿದಳು. ವರ್ಷ ಕಳೆಯುವುದರೊಳಗೆ ಬ್ಯಾಲೆನ್ಸಿಂಗ್ ಯಂತ್ರ ಅವಳದಾಗಿತ್ತು. ಚಕ್ರದ ಯಾವ ಮಗ್ಗುಲು ಕೂದಲೆಳೆಯಷ್ಟು ಭಾರವಿದೆ ಎಂದು ನೋಡಿ, ಅಲ್ಲಿಂದ ಚಿಟಿಕೆ ಲೋಹ ಉಜ್ಜಿ ತೆಗೆಯುವ ಕೆಲಸ ಅದು. ಹೆಚ್ಚು ಉಜ್ಜಿದರೆ ಚಕ್ರ ಕೆಟ್ಟಿತು, ಕಮ್ಮಿ ಉಜ್ಜಿದರೆ ದಂಡ ನಡುಗಿ ಬೇರಿಂಗು ತಿಂದುಹಾಕುತ್ತದೆ. ಅಣ್ಣನಿಗೆ ಆ ಕೆಲಸದಲ್ಲಿ ತಾಳ್ಮೆ ಸಾಲದು. ಅವಳಿಗೆ ಮಾತಿನಲ್ಲಿ ತಾಳ್ಮೆ ಸಾಲದಿದ್ದರೂ ಕೈಯಲ್ಲಿ ಬೇಕಾದಷ್ಟಿತ್ತು.

ಅದೇ ಬೀದಿಯ ಕೊನೆಯಲ್ಲಿ ಸೈಲೆನ್ಸರ್ ಮಾಡುವವನೊಬ್ಬ ಅಂಗಡಿ ತೆರೆದ. ತಗಡು ಸುತ್ತಿ, ಬೆಸುಗೆ ಹಾಕಿ, ಲಾರಿಗಳ ಸದ್ದಡಗಿಸುವವನು. ವಾರವೆಲ್ಲ ಹೀಗೆ ಊರಿನ ಗಲಾಟೆ ತಗ್ಗಿಸಿದ ಮನುಷ್ಯ ಭಾನುವಾರ ಬಂತೆಂದರೆ ಅಂಗಡಿಯ ಹಿಂದಿನ ಬಯಲಿನಲ್ಲಿ ಒಂದು ಕೊಳವೆ ಹಚ್ಚುತ್ತಿದ್ದ. ಅದರ ಆರ್ಭಟಕ್ಕೆ ಎರಡು ಬೀದಿಯಾಚೆಯ ಕಿಟಕಿ ಗಾಜುಗಳು ಗಲಗಲ ಎನ್ನುತ್ತಿದ್ದವು. ಜನ ಅವನಿಗೆ ಗುಡುಗು ಎಂದು ಹೆಸರಿಟ್ಟರು. ಹತ್ತಿರ ಹೋಗಿ ಮಾತಾಡಿದವರಿಗೆ ಅದು ತಮಾಷೆಯಾಗಿ ಕಾಣುತ್ತಿತ್ತು, ಯಾಕೆಂದರೆ ಅವನ ದನಿ ಬಹಳ ಮೆತ್ತಗೆ. ಅಂಗಡಿಯಲ್ಲಿ ಸಾಮಾನು ಕೇಳುವಾಗ ಎರಡು ಸಲ ಹೇಳಬೇಕಾಗುತ್ತಿತ್ತು.

ತೆಳ್ಳನೆಯ ಸ್ಪ್ರಿಂಗ್ ಉಕ್ಕಿನ ತುಂಡು ಸಿಗುತ್ತದೆಯೇ ಎಂದು ಕೇಳಿಕೊಂಡು ಅವನು ಒಮ್ಮೆ ವರ್ಕ್‌ಶಾಪಿಗೆ ಬಂದ. ಯಾತಕ್ಕೆ ಎಂದು ಅಣ್ಣ ವಿಚಾರಿಸಿದ. ಅಷ್ಟೇ ಸಾಕಾಯಿತು, ಗುಡುಗು ಸ್ಟೂಲಿನ ಮೇಲೆ ಕೂತುಬಿಟ್ಟ. ತನ್ನದು ಪಲ್ಸ್ ಜೆಟ್ ಎಂಬ ಎಂಜಿನ್ನು ಎಂದ. ಪಿಸ್ಟನ್ ಇಲ್ಲ, ಚಕ್ರ ಇಲ್ಲ, ಇರುವುದು ಒಂದು ಕೊಳವೆ. ಮುಂದೆ ದಪ್ಪ ಹೊಟ್ಟೆ, ಹಿಂದೆ ಉದ್ದ ಬಾಲ, ಬಾಯಲ್ಲಿ ಹೂವಿನ ಎಸಳಿನ ಹಾಗೆ ಕತ್ತರಿಸಿದ ಉಕ್ಕಿನ ತಗಡು. ಹೊಟ್ಟೆಯಲ್ಲಿ ಗ್ಯಾಸು ಢಬ್ಬೆಂದು ಉರಿದರೆ ಎಸಳು ಮುಚ್ಚಿಕೊಂಡು ಬೆಂಕಿ ಬಾಲದಿಂದ ಹೊರಗೆ ನುಗ್ಗುತ್ತದೆ. ಆ ರಭಸಕ್ಕೆ ಹೊಟ್ಟೆ ಖಾಲಿಯಾಗಿ, ಎಸಳು ತೆರೆದು, ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಾದ ಕೊಳವೆಯ ಬಿಸಿಗೆ ಅದು ಮತ್ತೆ ಹೊತ್ತಿಕೊಳ್ಳುತ್ತದೆ. ಒಮ್ಮೆ ಹಚ್ಚಿದರೆ ಅದರ ಪಾಡಿಗೆ ಅದು ಉರಿ, ಎಳೆ, ಉರಿ, ಎಳೆ.

ಯಂತ್ರದ ಮುಂದೆ ಕೂತಿದ್ದ ತಂಗಿ ತಲೆಯೆತ್ತದೆ, "ಅಂದ್ರೆ ಗೊರಕೆ," ಎಂದಳು.

ಗುಡುಗು ಒಂದು ಗಳಿಗೆ ಅವಳನ್ನೇ ನೋಡಿ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದು ಒಪ್ಪಿಕೊಂಡ.

ಬೀದಿಯವರು ದೂರು ಕೊಟ್ಟಿದ್ದರಿಂದ ಅವನು ಕೊಳವೆಯನ್ನು ಊರಾಚೆಯ ಪಾಳುಬಿದ್ದ ಕಲ್ಲುಗಣಿಗೆ ಸಾಗಿಸಿದ್ದ. ಮುಂದಿನ ಭಾನುವಾರ ಅಣ್ಣ ತಂಗಿ ಇಬ್ಬರೂ ಕಿವಿಗೆ ಹತ್ತಿ ತುರುಕಿಕೊಂಡು ಅಲ್ಲಿಗೆ ಹೋದರು. ಬ್ಲೋವರಿನಿಂದ ಗಾಳಿ ಊದಿ ಕಿಡಿ ಕೊಟ್ಟ ಕೂಡಲೇ ಕೊಳವೆ ಎರಡು ಸಲ ಕೆಮ್ಮಿ, ಆಮೇಲೆ ಒಂದೇ ಸಮನೆ ಅಬ್ಬರಿಸತೊಡಗಿತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಂದು ಬಡಿಯುತ್ತಿತ್ತು. ಬಾಲ ಕೆಂಪಗೆ ಕಾದು, ಹಿಂದೆ ಗಾಳಿ ನೀರಿನ ಹಾಗೆ ಅಲುಗಿತು. ಆದರೆ ಅಣ್ಣನ ಕಣ್ಣು ನೆಟ್ಟದ್ದು ಆ ಬಾಲದ ತುದಿಯ ಮೇಲೆ. ಅಷ್ಟೊಂದು ಬಿಸಿ, ಅಷ್ಟೊಂದು ಒತ್ತಡ, ಎಲ್ಲ ಬಿಟ್ಟಿಯಾಗಿ ಆಕಾಶದ ಪಾಲಾಗುತ್ತಿತ್ತು. ನಲ್ಲಿ ತೆರೆದಿಟ್ಟು ಹೋದವರ ಮನೆ ಮುಂದೆ ನಿಂತವನ ಹಾಗೆ ಅವನು ಚಡಪಡಿಸಿದ.

ಗ್ಯಾಸು ನಿಲ್ಲಿಸಿದ ಮೇಲೆ ಅಣ್ಣ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ. ಈ ಬಾಲಕ್ಕೆ ಒಂದು ಟರ್ಬೊ ಕೂರಿಸಿದರೆ, ಹೊರಗೆ ಹೋಗುವ ಬೆಂಕಿ ಚಕ್ರ ತಿರುಗಿಸುತ್ತದೆ, ಆ ಕಡೆಯ ಚಕ್ರ ಗಾಳಿಯನ್ನು ಒತ್ತಿ ಕೊಳವೆಯ ಬಾಯಿಗೆ ಕೊಡುತ್ತದೆ, ದಟ್ಟ ಗಾಳಿ ಸಿಕ್ಕಿದರೆ ಕೊಳವೆಯ ಬಲವೂ ಹೆಚ್ಚುತ್ತದೆ ಎಂದ. ಗುಡುಗಿಗೆ ಅದು ಹಿಡಿಸಲಿಲ್ಲ. ಏನೂ ತಿರುಗುವುದಿಲ್ಲ ಎನ್ನುವುದೇ ತನ್ನ ಎಂಜಿನ್ನಿನ ಚೆಂದ ಎಂದು ಮೆಲ್ಲಗೆ ವಾದಿಸಿದ. ಏನೂ ತಿರುಗದಿದ್ದರೆ ಅದು ಬರೀ ಸದ್ದು ಎಂದು ಅಣ್ಣ ಮೂಗು ಮುರಿದ. ಇಬ್ಬರೂ ವಾಪಸ್ಸು ಬರುವ ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದರು, ಮತ್ತು ಮಾರನೆಯ ದಿನವೇ ಗುಡುಗು ಬಾಲದ ಅಳತೆ ಬರೆದುಕೊಂಡು ವರ್ಕ್‌ಶಾಪಿಗೆ ಬಂದ.

ಆಮೇಲಿನ ದಿನಗಳೇ ಅಣ್ಣನ ಬದುಕಿನ ಅತ್ಯಂತ ಖುಷಿಯ ದಿನಗಳು. ಆಗ ಅದು ಗೊತ್ತಾಗಲಿಲ್ಲ. ಆಗೆಲ್ಲ ಬೈಗುಳ, ಸುಟ್ಟ ಬೆರಳು, ಕೆಟ್ಟ ಬೇರಿಂಗು. ಗಿರಾಕಿಯೊಬ್ಬ ಬಿಟ್ಟುಹೋಗಿದ್ದ ಲಾರಿಯ ಟರ್ಬೊ ಒಂದನ್ನು ಅಣ್ಣ ಹೊಸದರಂತೆ ಮಾಡಿ ಕೊಟ್ಟ. ಅದನ್ನು ನೇರವಾಗಿ ಬಾಲದ ತುದಿಗೆ ಬೋಲ್ಟು ಹಾಕಿ ಬಿಗಿದಾಗ ಕೊಳವೆ ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಬಾಲ ಮುಚ್ಚಿದರೆ ಅದಕ್ಕೆ ಹೊಟ್ಟೆ ಖಾಲಿಮಾಡಿಕೊಳ್ಳಲು ಆಗುವುದಿಲ್ಲ ಎಂದು ಗುಡುಗು ತಲೆ ಕೆರೆದುಕೊಂಡು, ನಡುವೆ ಗೇಣಷ್ಟು ಸಂದು ಬಿಟ್ಟ. ಈಗ ಕೊಳವೆ ಉರಿಯಿತು, ಚಕ್ರವೂ ತಿರುಗಿತು, ಆದರೆ ಕಣಕಣ ಎಂಬ ಒಂದು ಸದ್ದು ಬಂದದ್ದೇ ಅಣ್ಣ ಓಡಿಹೋಗಿ ಗ್ಯಾಸು ನಿಲ್ಲಿಸಿದ. ಬಿಚ್ಚಿ ಯಂತ್ರಕ್ಕೆ ಹಾಕಿದ ತಂಗಿ ಚಕ್ರವನ್ನು ಬೆಳಕಿಗೆ ಹಿಡಿದಳು. ಒಂದು ರೆಕ್ಕೆಯ ತುದಿ ಇಲಿ ಕಡಿದ ಹಾಗೆ ಮುಕ್ಕಾಗಿತ್ತು. ಬಾಯಿಯ ಉಕ್ಕಿನ ಎಸಳು ಮುರಿದು, ಬೆಂಕಿಯ ಜೊತೆ ಹಾರಿಬಂದು ಬಡಿದಿತ್ತು.

"ಇನ್ನೊಂದು ಚಕ್ರ ನಾನು ಸರಿ ಮಾಡ್ಕೊಡ್ತೀನಿ," ಎಂದಳು ಅವಳು ಗುಡುಗಿಗೆ. "ಆದ್ರೆ ನಿಮ್ಮ ಹೂವು ಬೇಡ."

ಆ ಎಸಳುಗಳನ್ನು ಕತ್ತರಿಸುವುದನ್ನು ಅವನು ವರ್ಷಗಟ್ಟಲೆ ಕೂತು ಕಲಿತಿದ್ದ. ಅಣ್ಣ ಹೇಳಿದ್ದರೆ ಒಂದು ತಿಂಗಳು ಜಗಳ ಆಗುತ್ತಿತ್ತು. ಅವಳು ಹೇಳಿದ್ದಕ್ಕೆ ಅವನು ಹೂಂ ಎಂದು ಹೋಗಿ, ಎಸಳೇ ಬೇಡದ ಇನ್ನೊಂದು ಬಗೆಯ ಕೊಳವೆ ಮಾಡಿ ತಂದ. ಬಾಯಿಯೂ ಬಾಲವೂ ಒಂದೇ ದಿಕ್ಕಿಗೆ ತಿರುಗುವಂತೆ ಬಗ್ಗಿಸಿದ, ಒಳಗಿನ ಅಳತೆಯಿಂದಲೇ ಉಸಿರಾಡುವ ಕೊಳವೆ. ಇಷ್ಟು ಸುಲಭವಾಗಿ ಇವನು ಹೇಗೆ ಸೋತ ಎಂದು ಆಗಲೇ ಯೋಚಿಸಬೇಕಾಗಿತ್ತು. ಅಣ್ಣ ಯೋಚಿಸಲಿಲ್ಲ. ಗುಡುಗು ವಾರದ ನಡುವೆಯೂ ಏನಾದರೊಂದು ನೆಪ ಹಿಡಿದು ಬರುತ್ತಿದ್ದ, ಬಂದಾಗಲೆಲ್ಲ ಬ್ಯಾಲೆನ್ಸಿಂಗ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆಯೇ ಕೂರುತ್ತಿದ್ದ. ಟರ್ಬೊ ಮೇಲೆ ಇವನಿಗೆ ಎಷ್ಟು ಆಸೆ ಹುಟ್ಟಿದೆ ನೋಡು ಎಂದು ಅಣ್ಣ ಹೆಮ್ಮೆಪಟ್ಟುಕೊಂಡ.

ಇನ್ನೂ ಒಂದು ತೊಡಕು ಉಳಿದಿತ್ತು. ಕೊಳವೆ ಬೆಂಕಿಯನ್ನು ಗುದ್ದು ಗುದ್ದಾಗಿ ಉಗುಳುತ್ತದೆ, ಚಕ್ರಕ್ಕೆ ಬೇಕಾದದ್ದು ಒಂದೇ ಸಮನಾದ ಹರಿವು. ಗುದ್ದಿಗೊಮ್ಮೆ ದಂಡ ನಡುಗುತ್ತಿತ್ತು. ಮೇಲಾಗಿ ಬೆಂಕಿ ವಿಪರೀತ ಬಿಸಿ, ಟರ್ಬೊದ ಗೂಡು ನೋಡುನೋಡುತ್ತಲೇ ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು. ಮಳೆಗಾಲ ಪೂರ್ತಿ ಇಬ್ಬರೂ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಗೀಚಿ ಅಳಿಸಿದರು. ಮನೆಯ ಅಡುಗೆ ಗ್ಯಾಸಿನ ಸಿಲಿಂಡರ್ ಗಣಿಗೆ ಹೋಗಿ ಬರಿದಾಗಿ ಬರುತ್ತಿದ್ದುದರಿಂದ ಎಷ್ಟೋ ಸೋಮವಾರ ಅಣ್ಣ ತಂಗಿ ಬ್ರೆಡ್ಡು ತಿಂದುಕೊಂಡು ಕೆಲಸಕ್ಕೆ ಹೋದದ್ದುಂಟು. ಅಂಥ ಒಂದು ಸೋಮವಾರ ಅವಳು, ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ ಎಂದು ಕೇಳಿದಳು. ಕೆಮ್ಮಿ ಕೆಮ್ಮಿ ಬರುತ್ತದೆ ಎಂದ ಅಣ್ಣ. ಆ ನೀರನ್ನು ತೊಟ್ಟಿಗೆ ಬಿಟ್ಟು, ತೊಟ್ಟಿಯ ಕೆಳಗಿನ ಕೊಳವೆಯಿಂದ ತೆಗೆದರೆ ಹೇಗೆ ಬರುತ್ತದೆ ಎಂದು ಮತ್ತೆ ಕೇಳಿದಳು. ಅಣ್ಣ ಕೈಯಲ್ಲಿದ್ದ ಬ್ರೆಡ್ಡನ್ನು ಅಲ್ಲೇ ಇಟ್ಟು ಗುಡುಗಿನ ಅಂಗಡಿಗೆ ಓಡಿದ.

ಅವರು ದಪ್ಪ ತಗಡಿನ ಒಂದು ಡ್ರಮ್ಮು ಮಾಡಿದರು. ಕೊಳವೆ ಪೂರ್ತಿ ಅದರೊಳಗೆ. ಟರ್ಬೊ ಒತ್ತಿಕೊಟ್ಟ ಗಾಳಿ ಮೊದಲು ಡ್ರಮ್ಮಿಗೆ ತುಂಬುತ್ತದೆ. ಅದರಲ್ಲಿ ಸ್ವಲ್ಪವನ್ನು ಕೊಳವೆ ಉಸಿರಾಡುತ್ತದೆ. ಉಳಿದ ತಣ್ಣನೆಯ ಗಾಳಿಯನ್ನು ಬಾಲದಿಂದ ನುಗ್ಗುವ ಬೆಂಕಿ ಅಗಲ ಬಾಯಿಯ ಇನ್ನೊಂದು ಕೊಳವೆಯೊಳಕ್ಕೆ ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಎರಡೂ ಬೆರೆತು, ಬಿಸಿ ತಗ್ಗಿ, ಗುದ್ದು ಸಣ್ಣದಾಗಿ, ಆಮೇಲೆ ಚಕ್ರಕ್ಕೆ. ಗುಡುಗು ಆ ಅಗಲ ಬಾಯಿಯನ್ನು ನಾಲ್ಕು ಸಲ ಮಾಡಿ, ನಾಲ್ಕು ಸಲ ಕತ್ತರಿಸಿ ಎಸೆದು, ಐದನೆಯದನ್ನು ಒಪ್ಪಿಕೊಂಡ.

ಅದು ಓಡಿದ್ದು ಬಿಸಿಲು ಚುರುಕಾಗಿದ್ದ ಒಂದು ಮಧ್ಯಾಹ್ನ. ಬ್ಲೋವರು ಊದಿತು, ಕೊಳವೆ ಹೊತ್ತಿಕೊಂಡಿತು, ಡ್ರಮ್ಮು ಗುಂಯ್ ಎಂದಿತು. ಆ ಗುಂಯ್ ಸದ್ದಿನ ಮೇಲೆ ಸೂಜಿಯಷ್ಟು ಸಣ್ಣಗೆ ಒಂದು ಶಿಳ್ಳೆ ಎದ್ದು, ಏರುತ್ತಾ ಹೋಯಿತು. ಅದು ಟರ್ಬೊದ ದನಿ. ಸಾವಿರ ಲಾರಿಗಳಲ್ಲಿ ಕೇಳಿದ್ದ ದನಿ. ಆದರೆ ಪಿಸ್ಟನ್ ಇಲ್ಲದ ಎಂಜಿನ್ನಿನಲ್ಲಿ ಅಣ್ಣ ಅದನ್ನು ಕೇಳಿದ್ದು ಅದೇ ಮೊದಲು. ಅವನು ಬಗ್ಗಿ ಬ್ಲೋವರಿನ ಪೈಪನ್ನು ಕಿತ್ತ. ಡ್ರಮ್ಮಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಕುಸಿಯಿತು. ಶಿಳ್ಳೆ ತಗ್ಗಿತು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮುಳ್ಳು ಒಂದು ಕಡೆ ನಿಂತು, ಯೋಚನೆ ಮಾಡಿದ ಹಾಗೆ ಮಾಡಿ, ಮತ್ತೆ ಮೇಲೇರತೊಡಗಿತು. ಈಗ ಯಾರೂ ಊದುತ್ತಿರಲಿಲ್ಲ. ಬಿಟ್ಟ ಉಸಿರಿನಿಂದಲೇ ಅದು ಉಸಿರಾಡುತ್ತಿತ್ತು. ಅಣ್ಣ ಎಣ್ಣೆಯ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಿಂತೇಬಿಟ್ಟ. ಕಣ್ಣು ಒದ್ದೆಯಾದದ್ದು ಹೊಗೆಗೆ ಎಂದು ಆಮೇಲೆ ಹೇಳಿದ, ಯಾರೂ ಕೇಳಿರಲಿಲ್ಲ.

ತಿರುಗಿ ನೋಡಿದಾಗ ಗುಡುಗು ಎಂಜಿನ್ನಿನ ಕಡೆ ನೋಡುತ್ತಲೇ ಇರಲಿಲ್ಲ. ಅವನು ತಂಗಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದ. ಅವಳು ಕಿವಿಯಿಂದ ಹತ್ತಿ ತೆಗೆದಳು. ಅವನು ಮತ್ತೆ ಹೇಳಿದ. ಅವಳು ತಲೆಯಾಡಿಸಿದಳು. ಗ್ಯಾಸು ಮುಗಿಯುತ್ತಾ ಬಂದಿರಬೇಕು ಎಂದುಕೊಂಡ ಅಣ್ಣ.

ಎಲ್ಲ ತಣ್ಣಗಾದ ಮೇಲೆ, ಗುಡುಗು ಬ್ಲೋವರನ್ನು ಗಾಡಿಗೆ ಏರಿಸುತ್ತಿದ್ದಾಗ, ಅವನು ಏನಂದ ಎಂದು ಅಣ್ಣ ತಂಗಿಯನ್ನು ಕೇಳಿದ.

"ಮದುವೆ ಆಗ್ತೀಯಾ ಅಂದ."

"ನೀನೇನಂದೆ?"

"ಮೊದಲು ಕೇಳಿಸ್ಲಿಲ್ಲ ಅಂದೆ. ಇನ್ನೊಂದ್ಸಲ ಕೇಳ್ದ. ಹೂಂ ಅಂದೆ."

ಅಣ್ಣನ ಬಾಯಿಂದ ಹೊರಬಿದ್ದದ್ದು ಆಶೀರ್ವಾದವಲ್ಲ, ಸಂತೋಷವೂ ಅಲ್ಲ. "ಹಂಗಾದ್ರೆ ಬ್ಯಾಲೆನ್ಸಿಂಗ್ ಯಾರು ಮಾಡ್ತಾರೆ?" ಎಂದುಬಿಟ್ಟ.

ತಂಗಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಾನೇ ಮಾಡ್ತೀನಿ. ಮದುವೆ ಆಗ್ತಿರೋದು ಕಣೋ, ಸಾಯ್ತಿರೋದಲ್ಲ."

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಅವರು ಬೀದಿಯ ಕೊನೆಯ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಸಂಸಾರ ಹೂಡಿದರು. ಅಣ್ಣನಿಗೆ ಅವನನ್ನು ಭಾವ ಎಂದು ಕರೆಯಲು ನಾಲಿಗೆ ಹೊರಳಲೇ ಇಲ್ಲ, ಕೊನೆಯವರೆಗೂ ಗುಡುಗು ಎಂದೇ ಕರೆದ. ತಂಗಿ ಹೇಳಿದ ಹಾಗೆ ಬೆಳಿಗ್ಗೆ ವರ್ಕ್‌ಶಾಪಿಗೆ ಬಂದಳು, ಸಂಜೆ ಮನೆಗೆ ಹೋದಳು. ಬದಲಾದದ್ದು ಇಷ್ಟೇ, ಸಂಜೆ ಷಟರ್ ಎಳೆದ ಮೇಲೆ ಅಣ್ಣ ಬೀಗ ಹಾಕುವುದನ್ನು ನಿಧಾನಮಾಡತೊಡಗಿದ. ಭಾನುವಾರಗಳು ಮಾತ್ರ ಮೂವರದಾಗಿಯೇ ಉಳಿದವು. ಎಂಜಿನ್ನು ಇನ್ನೂ ಕೆಲವು ಸಲ ಓಡಿತು. ಅದರಿಂದ ಏನಾದರೂ ತಿರುಗಿಸಬೇಕು, ನೀರಿನ ಪಂಪನ್ನೋ ದೀಪದ ಡೈನಮೋವನ್ನೋ, ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದರು.

ಆ ಬೇಸಿಗೆ ಬಾವಿಗಳು ಬತ್ತಿದವು. ಬೀದಿಗಳಿಗೆ ನೀರು ತರುತ್ತಿದ್ದ ಒಂದೇ ಟ್ಯಾಂಕರಿನ ಟರ್ಬೊ ಸುಟ್ಟು, ದಂಡ ಬಾಗಿ, ಚಕ್ರ ಪುಡಿಯಾಗಿ ಬಂತು. ರಿಪೇರಿ ಮಾಡಲು ಅದರಲ್ಲಿ ಏನೂ ಉಳಿದಿರಲಿಲ್ಲ. ಹೊಸದು ಬರಲು ತಿಂಗಳಾಗುತ್ತದೆ ಎಂದರು. ಟ್ಯಾಂಕರ್ ಚಾಲಕ ತಲೆಯ ಮೇಲೆ ಕೈಹೊತ್ತು ಬಾಗಿಲಲ್ಲಿ ಕೂತ. ಹೊರಗೆ ಹೊಲಿಗೆ ಅಂಗಡಿಯ ಮುಂದೆ ಹೆಂಗಸರು ಖಾಲಿ ಬಿಂದಿಗೆ ಸಾಲಾಗಿಟ್ಟು ಕಾದಿದ್ದರು. ಅದೇ ಅಳತೆಯ ಟರ್ಬೊ ಊರಿನಲ್ಲಿ ಇದ್ದದ್ದು ಒಂದೇ, ಅದು ಡ್ರಮ್ಮಿನ ಮೇಲಿತ್ತು. ಗುಡುಗು ತಗಡು ತರಲು ಬೇರೆ ಊರಿಗೆ ಹೋಗಿದ್ದ. ಅಣ್ಣ ಗಣಿಗೆ ಹೋಗಿ ಅದನ್ನು ಬಿಚ್ಚಿ ತಂದು, ಸಂಜೆಯೊಳಗೆ ಟ್ಯಾಂಕರಿಗೆ ಕೂರಿಸಿ ಕಳಿಸಿದ.

ತಗಡು ತಂದ ಗುಡುಗು, ಸುದ್ದಿ ಕೇಳಿ ನಂಬದೆ ಗಣಿಗೆ ಹೋಗಿ ಡ್ರಮ್ಮಿನ ತೂತು ನೋಡಿಕೊಂಡು ಬಂದ. ಕೂಗಾಡಲಿಲ್ಲ. ಆ ಮೆತ್ತನೆಯ ದನಿಯಲ್ಲಿ, "ನಂಗೊಂದ್ ಮಾತು ಕೇಳ್ಬೋದಿತ್ತು," ಎಂದ. ಕೇಳಿದ್ದರೆ ಕೊಡುತ್ತಿರಲಿಲ್ಲವೇ ಎಂದು ಅಣ್ಣ ರೇಗಿದ. ಕೊಡುತ್ತಿದ್ದೆ, ಅದಕ್ಕೇ ಕೇಳಬೇಕಿತ್ತು ಎಂದು ಹೇಳಿ ಗುಡುಗು ಹೊರಟುಹೋದ. ಆಮೇಲೆ ಆ ಬೇಸಿಗೆ ಮುಗಿಯುವವರೆಗೆ ಮಾತಿಲ್ಲ. ನಡುವೆ ಓಡಾಡುತ್ತಿದ್ದ ತಂಗಿ ಇಬ್ಬರ ಪರವಾಗಿಯೂ ಒಂದಕ್ಷರ ಆಡಲಿಲ್ಲ. ನಿಮ್ಮಿಬ್ಬರ ನಡುವೆ ನಾನು ಬೇರಿಂಗಲ್ಲ ಎಂದಷ್ಟೇ ಅಣ್ಣನಿಗೆ ಹೇಳಿದಳು. ಅಣ್ಣ ಭಾನುವಾರ ವರ್ಕ್‌ಶಾಪು ತೆರೆದು, ಕೆಲಸವಿಲ್ಲದೆ, ತೊಳೆದ ಸ್ಪ್ಯಾನರುಗಳನ್ನೇ ಮತ್ತೆ ತೊಳೆದ.

ಮೊದಲ ಮಳೆ ಬಿದ್ದ ವಾರ ಗುಡುಗು ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ. ಬೀದಿಯ ಏರಿನಲ್ಲಿ ಟ್ಯಾಂಕರ್ ಹತ್ತುತ್ತಿತ್ತು. ಎಂಜಿನ್ನಿನ ಗುರುಗುರು ಮೇಲೆ ಸಣ್ಣ ಶಿಳ್ಳೆ ಏರಿ, ತಿರುವಿನಲ್ಲಿ ಇಳಿಯಿತು. ಇಬ್ಬರೂ ಅದು ಮರೆಯಾಗುವವರೆಗೆ ಕೇಳಿದರು.

"ಚೆನ್ನಾಗ್ ಓಡ್ತಿದೆ," ಎಂದ ಗುಡುಗು.

"ನಿನ್ ಹೆಂಡ್ತಿ ಬ್ಯಾಲೆನ್ಸ್ ಮಾಡಿದ್ದು," ಎಂದ ಅಣ್ಣ, ಸ್ಟೂಲನ್ನು ಅವನ ಕಡೆ ಸರಿಸುತ್ತಾ.

ಇನ್ನೊಂದು ಎಂಜಿನ್ನು ಮಾಡೋಣ ಎಂದು ಮಾತಾಡಿಕೊಂಡರು. ಮಾಡಲಿಲ್ಲ. ಗಣಿಯನ್ನು ಯಾರೋ ಕೊಂಡು ಬೇಲಿ ಹಾಕಿದರು. ಗುಡುಗಿನ ಅಂಗಡಿಗೆ ಕೆಲಸ ಹೆಚ್ಚಿತು. ಆಮೇಲೆ ಅವನ ಕಿವಿ ಮಂದವಾಯಿತು, ಕೊನೆಕೊನೆಗೆ ಪೂರ್ತಿ ಹೋಯಿತು. ಆ ಮೆತ್ತನೆಯ ದನಿಯೂ ಆಗ ದೊಡ್ಡದಾಗಿ, ಜನ ಹೆಸರಿಗೆ ಈಗ ಅರ್ಥ ಬಂತು ಎಂದು ನಕ್ಕರು. ಚಳಿಗಾಲದ ಒಂದು ಬೆಳಿಗ್ಗೆ ಅವನು ಎದೆನೋವೆಂದು ಮಂಚದ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅಣ್ಣ ಆ ದಿನ ಅಳಲಿಲ್ಲ. ತಿಂಗಳಾದ ಮೇಲೆ ಯಾರೋ ಗಿರಾಕಿ ಒಳ್ಳೆ ಸೈಲೆನ್ಸರ್ ಮಾಡುವವರು ಇಲ್ಲಿ ಯಾರಿದ್ದಾರೆ ಎಂದು ಕೇಳಿದಾಗ, ಎದ್ದು ಒಳಗೆ ಹೋದ.

ಈಗ ಟರ್ಬೊಗಳನ್ನು ಯಾರೂ ಬಿಚ್ಚುವುದಿಲ್ಲ. ಕೆಟ್ಟರೆ ಇಡಿಯಾಗಿ ಎಸೆದು ಹೊಸದು ಹಾಕುತ್ತಾರೆ. ವರ್ಕ್‌ಶಾಪಿನ ಅರ್ಧವನ್ನು ಮೊಬೈಲ್ ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟು, ಉಳಿದ ಅರ್ಧದಲ್ಲಿ ಅಣ್ಣ ತಂಗಿ ಹಗಲೆಲ್ಲ ಕೂರುತ್ತಾರೆ. ಇಬ್ಬರಿಗೂ ಕಿವಿ ಅಷ್ಟಕ್ಕಷ್ಟೆ, ಆದ್ದರಿಂದ ಅವರ ಗುಟ್ಟುಗಳೆಲ್ಲ ಇಡೀ ಬೀದಿಗೆ ಗೊತ್ತು. ಎಂಜಿನ್ನು ಮೊದಲ ಸಲ ಓಡಿದ ಆ ದಿನದ ಬಗ್ಗೆ ಈಗಲೂ ವಾದವಿದೆ. ಗ್ಯಾಸು ಮುಗಿಯುವವರೆಗೂ ಎಂಜಿನ್ನು ಓಡಿತು ಎಂದು ಅಣ್ಣ. ಹೆದರಿ ನೀನೇ ನಿಲ್ಲಿಸಿದೆ ಎಂದು ತಂಗಿ. ನೀನು ಎಂಜಿನ್ ನೋಡುತ್ತಿದ್ದೆಯಾ ಎಂದು ಅಣ್ಣ ಕೇಳಿದರೆ ಅವಳು ಮಾತು ಬದಲಿಸುತ್ತಾಳೆ.

ಆಗಾಗ ಹಳೆಯ ಟ್ಯಾಂಕರ್ ಚಾಲಕ ಕೋಲೂರಿಕೊಂಡು ಬಂದು ಚಹಾ ಕುಡಿದು ಹೋಗುತ್ತಾನೆ. ಮೊನ್ನೆಯೂ ಬಂದಿದ್ದ. ಆ ಟರ್ಬೊ ಹಾಕಿದ ಮೇಲೆ ತನ್ನ ಗಾಡಿ ತುಂಬಿದ ನೀರು ಹೊತ್ತು ಈ ಏರನ್ನು ಗೇರ್ ಇಳಿಸದೆ ಹತ್ತುತ್ತಿತ್ತು, ಅಂಥದ್ದನ್ನು ಮತ್ತೆ ಕಾಣಲಿಲ್ಲ ಎಂದು ಎಂದಿನಂತೆ ಶುರುಮಾಡಿದ. ಅದೇ ಅಳತೆ, ಅದೇ ಚಕ್ರ, ಹಳೆಯದಕ್ಕಿಂತ ಅದರಲ್ಲಿ ಹೆಚ್ಚಿನದೇನೂ ಇಲ್ಲ ಎಂದು ಅಣ್ಣ ಇಷ್ಟು ವರ್ಷವೂ ಪಟ್ಟುಹಿಡಿದು ವಾದಿಸಿದ್ದ. ಈ ಸಲವೂ ಬಾಯಿ ತೆರೆದ. ಚಾಲಕ ಎರಡೂ ಕೈಯಲ್ಲಿ ಲೋಟ ಹಿಡಿದು ಕಾಯುತ್ತಿದ್ದ.

"ಹೌದಪ್ಪ," ಎಂದ ಅಣ್ಣ. "ಅದು ಬೇರೆ ಥರದ್ದೇ."

ತಂಗಿ, ತಾನು ಕೇಳಿಸಿಕೊಂಡದ್ದು ಸರಿಯೇ ಎಂಬಂತೆ ಅಣ್ಣನ ಕಡೆ ತಿರುಗಿ ನೋಡಿ, ಚಾಲಕನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು.